ಕೋಣೆಯಲ್ಲಿ ಒಂದು ಮಂಚ ಖಾಲಿ

ಮಾರ್ಚ್ 9, ಭಾನುವಾರ

ಮನೆಯಿಂದ ಫೋನು ಬಂದಿತ್ತು. ಅವ್ವನಿಗೆ ಫೋನನ್ನು ಕಿವಿಗಿಟ್ಟು ಮಾತಾಡಿ ಅಭ್ಯಾಸವಿಲ್ಲ. ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುತ್ತಾಳೆ. ಅಪ್ಪ, ಚಿಕ್ಕಪ್ಪ, ಚಿಕ್ಕವ್ವ, ಅವರ ಮಗಳು ಸುಗನ್ಯಾ, ದ್ರಾಕ್ಷಿ ಪೆಟ್ಟಿಗೆ ಕಟ್ಟಲು ಬಂದ ಹೆಂಗಸರು, ನೀರು ಕುಡಿಯಲು ಒಳಗೆ ಬಂದವರು, ಎಲ್ಲರಿಗೂ ನಾನು ಕೇಳಿಸುತ್ತೇನೆ. ಅಷ್ಟು ಜನರ ಮುಂದೆ ‘ನನಗೆ ಇಲ್ಲಿ ಯಾರೂ ಇಲ್ಲ’ ಎಂದು ಹೇಳುವುದು ಹೇಗೆ? ಹೇಳಿಲ್ಲ. ಒಂದೂವರೆ ವರ್ಷದಿಂದ ಹೇಳಿಲ್ಲ. ಬದಲಿಗೆ ಒಂದು ಹಿಂಡು ಗೆಳತಿಯರನ್ನು ಕಟ್ಟಿ ಕೊಟ್ಟಿದ್ದೇನೆ. ಮಣಿಮೇಗಲೈ ನನ್ನ ಜೀವದ ಗೆಳತಿ. ಸಂಜೆ ಎಲ್ಲರೂ ಸೇರಿ ಶಟಲ್ ಆಡುತ್ತೇವೆ. ರಜೆಯ ದಿನ ದಿಂಡಿಗಲ್ ಪೇಟೆಗೆ ಹೋಗಿ ಬಿರಿಯಾನಿ ತಿನ್ನುತ್ತೇವೆ. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನ್ನದು ಪ್ರತಿ ಭಾನುವಾರ ನಮ್ಮೂರು ಕಂಬಂ ತನಕ ಹೋಗಿ ಸುಖವಾಗಿ ವಾಪಸ್ ಬರುತ್ತದೆ.

ಈ ಸಲ ಅದು ಒಬ್ಬಳನ್ನು ಕೈಹಿಡಿದು ಕರೆತರುತ್ತಿದೆ. ಸುಗನ್ಯಾ ತೇನಿಯ ಕಾಲೇಜು ಬಿಟ್ಟು ಎರಡನೇ ವರ್ಷಕ್ಕೆ ಇಲ್ಲಿಗೆ, ನಮ್ಮ ವಿಶ್ವವಿದ್ಯಾಲಯಕ್ಕೆ, ಸೇರಬೇಕಂತೆ. ಅವಳ ವಿಭಾಗದಲ್ಲಿ ಒಂದು ಸೀಟು ಖಾಲಿ ಇದೆ ಎಂದು ಚಿಕ್ಕಪ್ಪ ಕಚೇರಿಗೆ ಫೋನು ಮಾಡಿ ವಿಚಾರಿಸಿಯೂ ಆಗಿದೆ. ನನ್ನ ಕೋಣೆಯಲ್ಲಿ ಒಂದು ಮಂಚವೂ ಖಾಲಿ. ಜೊತೆಗಿದ್ದವಳು ಜನವರಿಯಲ್ಲಿ ತನ್ನ ಗೆಳತಿಯರ ಕೋಣೆಗೆ ಹೋದಳು. ಅಂದಿನಿಂದ ಆ ಮಂಚದ ಮೇಲೆ ನನ್ನ ಒಗೆದ ಬಟ್ಟೆ ಬಿದ್ದಿರುತ್ತದೆ. ಸುಗನ್ಯಾ ಮೊದಲು ಎರಡು ದಿನ ಬಂದು ಇದ್ದು ನೋಡುತ್ತಾಳೆ. ತೀರ್ಮಾನ ಮಾತ್ರ ನನ್ನದು. ಚಿಕ್ಕಪ್ಪ ಫೋನಿನ ಹತ್ತಿರಕ್ಕೆ ಬಂದು ಹೇಳಿದ:

“ಪಾಂಡೀ, ನೀ ಸರಿ ಅಂದ್ರೆ ಸರಿ, ಬ್ಯಾಡ ಅಂದ್ರೆ ಬ್ಯಾಡ. ಅವ್ಳ ಪಡಿಪ್ಪು ನಿನ್ ಕೈಲಿ ಐತೆ.”

ನಾನು ಆಗಲೇ ಸರಿ ಅಂದುಬಿಡುತ್ತಿದ್ದೆ. ತುಟಿ ಕಚ್ಚಿಕೊಂಡೆ.

ಮಾರ್ಚ್ 11

ನಿದ್ದೆಯಿಂದ ಎದ್ದ ಕೂಡಲೇ ಸಂತೋಷವಾಯಿತು. ಯಾಕೆಂದು ನೆನಪಾಗಲು ಒಂದು ಗಳಿಗೆ ಬೇಕಾಯಿತು. ಹೀಗಾಗಿ ಎಷ್ಟು ಕಾಲವಾಗಿತ್ತೋ.

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಒಂದೇ, ಇಲ್ಲಿ, ಈ ತಮಿಳು ಸೀಮೆಯಲ್ಲಿ, ಯಾರೂ ಓದಲಾರರು. ಊರಿನಲ್ಲೂ ಓದಲಾರರು. ಅಪ್ಪ ಕೊಳ್ಳೇಗಾಲದಲ್ಲಿ ಹಣ್ಣಿನ ಮಂಡಿ ಇಟ್ಟಿದ್ದಾಗ ನಾನು ಏಳನೇ ತರಗತಿಯವರೆಗೆ ಅಲ್ಲಿ ಕಲಿತೆ, ಅಕ್ಷರ ಉಳಿಯಿತು. ಮನೆಯಲ್ಲಿ ನಾವಾಡುವುದೂ ಕನ್ನಡವೇ, ಆದರೆ ಅರ್ಧ ತಮಿಳು ಬೆರೆತದ್ದು. ಓದು ಅಲ್ಲ, ಪಡಿಪ್ಪು. ಊಟ ಅಲ್ಲ, ಸಾಪಾಟು. ಕೊಳ್ಳೇಗಾಲದ ಟೀಚರು ಅದನ್ನು ಕೇಳಿ ನಗುತ್ತಿದ್ದರು. ನಮ್ಮವರಿಗೆ ಅದು ಬೇರೆ ರೀತಿಯಲ್ಲಿ ಉಪಯೋಗ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಎದುರಿಗಿದ್ದವರಿಗೆ ತಿಳಿಯಬಾರದ್ದು ಏನಾದರೂ ಬಂದರೆ ತಟ್ಟನೆ ಮನೆಮಾತಿಗೆ ಹೊರಳುತ್ತೇವೆ. ನಾಲ್ಕು ಜನರ ನಡುವೆ ನಿಂತೇ ಬಾಗಿಲು ಹಾಕಿಕೊಂಡ ಹಾಗೆ. ನಾನೂ ಅಷ್ಟೆ. ಹಾಸ್ಟೆಲಿನಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಮೆಸ್ಸಿನ ಹಿಂದಿನ ಜಗಲಿಯಲ್ಲಿ, ಪಾತ್ರೆ ತೊಳೆಯುವ ನಲ್ಲಿಯ ಪಕ್ಕ. ಅಲ್ಲಿ ನಿಂತು ಪ್ರತಿ ಭಾನುವಾರ ಕೂಗಿ ಕೂಗಿ ಮಾತಾಡುತ್ತೇನೆ. ಮೆಸ್ಸಿನ ಪೇಚ್ಚಿಯಕ್ಕ ಪಾತ್ರೆ ತಿಕ್ಕುತ್ತಿರುತ್ತಾಳೆ. ಅವಳಿಗೇನು ಅರ್ಥವಾಗಬೇಕು.

ಮಾರ್ಚ್ 14

ಬಟ್ಟೆ ಎತ್ತಿದೆ. ಮಂಚ ಒರೆಸಿದೆ. ಪೇಟೆಗೆ ಒಬ್ಬಳೇ ಹೋಗಿ ಹೂವಿನ ಚಿತ್ತಾರದ ಹೊದಿಕೆ ತಂದೆ. ಅಂಗಡಿಯವನು ಯಾರಿಗೆ ಎಂದು ಕೇಳಿದ. ತಂಗಿಗೆ ಅಂದೆ. ಆ ಮಾತನ್ನು ಇನ್ನೊಮ್ಮೆ ಹೇಳುವ ಆಸೆಯಾಗಿ ಸುಮ್ಮಸುಮ್ಮನೆ ದಿಂಬಿನ ಬೆಲೆಯನ್ನೂ ಕೇಳಿದೆ.

ಮಾರ್ಚ್ 18

ಇವತ್ತು ಮಾಡಿದ ಕೆಲಸ ಬರೆಯಲೂ ನಾಚಿಕೆ. ಆದರೆ ಇಲ್ಲಿ ಬರೆಯದೆ ಎಲ್ಲಿ ಬರೆಯಲಿ.

ನನ್ನ ಸ್ಥಿತಿ ಯಾರ ತಪ್ಪೂ ಅಲ್ಲ. ಮೊದಲ ವರ್ಷ ಸೇರಿದ ತಿಂಗಳಲ್ಲೇ ಕಾಮಾಲೆ ಬಂದು ಊರಿಗೆ ಹೋಗಿ ಮಲಗಿದೆ. ಗುಣವಾಗಿ ಬರುವಷ್ಟರಲ್ಲಿ ಎಲ್ಲರೂ ಗುಂಪು ಕಟ್ಟಿಕೊಂಡಾಗಿತ್ತು. ಮೆಸ್ಸಿನಲ್ಲಿ ಪ್ರತಿ ಗುಂಪಿಗೂ ಒಂದು ಮೇಜು, ಮೊದಲು ಬಂದವಳು ಉಳಿದವರಿಗೆಲ್ಲ ತಟ್ಟೆ ಕವುಚಿ ಜಾಗ ಹಿಡಿಯುತ್ತಾಳೆ. ನನಗೆ ಯಾರೂ ತಟ್ಟೆ ಕವುಚಲಿಲ್ಲ, ಅಷ್ಟೆ. ಜಗಳವಿಲ್ಲ, ಕೊಂಕು ಮಾತಿಲ್ಲ. ದಾರಿಯಲ್ಲಿ ಸಿಕ್ಕರೆ ನಗುತ್ತಾರೆ. ಯಾರಾದರೂ ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಬೈದುಕೊಂಡಾದರೂ ಇರುತ್ತಿದ್ದೆ. ಮೆಸ್ಸು ಖಾಲಿಯಾಗುವ ಹೊತ್ತಿಗೆ ಒಂದು ಪುಸ್ತಕ ಹಿಡಿದು ಹೋಗುತ್ತೇನೆ. ಓದುತ್ತಿರುವವಳು ಒಬ್ಬಳೇ ಕೂತಿದ್ದರೆ ಅದು ಒಂಟಿತನದಂತೆ ಕಾಣುವುದಿಲ್ಲ. ಹಾಗಂದುಕೊಂಡಿದ್ದೇನೆ.

ಇವತ್ತು ಪ್ರಯೋಗಶಾಲೆ ಮುಗಿದ ಮೇಲೆ ಮಣಿಮೇಗಲೈಯನ್ನು ನಿಲ್ಲಿಸಿ ಕೇಳಿದೆ. ಶನಿವಾರ ನನ್ನ ತಂಗಿ ಬರುತ್ತಾಳೆ, ಮಧ್ಯಾಹ್ನ ಒಂದು ಹೊತ್ತು ನಿಮ್ಮ ಮೇಜಿಗೆ ಕೂರಬಹುದೇ ಎಂದು. ಅವಳು ನನ್ನನ್ನು ಆಶ್ಚರ್ಯದಿಂದ ನೋಡಿ, ಅದಕ್ಕೇನು, ಧಾರಾಳವಾಗಿ ಬನ್ನಿ ಅಂದಳು. ರಾತ್ರಿಗೆ ಮಾತ್ರ ನಾವೆಲ್ಲ ಬಿರಿಯಾನಿಗೆ ಹೋಗುತ್ತೇವೆ ಅಂದಳು. ಬರುತ್ತೀಯಾ ಎಂದು ಕೇಳಲಿಲ್ಲ. ಕೇಳಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ.

ಸುಗನ್ಯಾ ಬಂದರೆ ಇದೆಲ್ಲ ಮುಗಿಯುತ್ತದೆ. ಅವಳಿಗಾಗಿ ನಾನು ತಟ್ಟೆ ಕವುಚುತ್ತೇನೆ.

ಮಾರ್ಚ್ 21, ಶುಕ್ರವಾರ

ಬಂದಳು. ಚಿಕ್ಕಪ್ಪ ಕಂಬಂನಿಂದ ಬಸ್ಸು ಹತ್ತಿಸಿಕೊಂಡು, ತೇನಿ, ವತ್ತಲಗುಂಡು ದಾಟಿ, ಮಡಿಲಲ್ಲಿ ದ್ರಾಕ್ಷಿ ಪೆಟ್ಟಿಗೆ ಇಟ್ಟುಕೊಂಡೇ ಬಂದಿದ್ದ. ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಗೆಳತಿಯರಿಗೆಲ್ಲ ಹಂಚು ಎಂದ. ಹೆಂಗಸರ ಹಾಸ್ಟೆಲ್ ಒಳಗೆ ಬಿಡುವುದಿಲ್ಲವಲ್ಲ, ಗೇಟಿನ ಬೇವಿನ ಮರದ ಕೆಳಗೆ ನಿಂತು ಸಿರುಮಲೆ ಬೆಟ್ಟದ ಕಡೆ ನೋಡಿ, ಗಾಳಿ ಚೆನ್ನಾಗಿದೆ ಎಂದು ಸರ್ಟಿಫಿಕೇಟು ಕೊಟ್ಟು ಹೋದ. ಭಾನುವಾರ ಬರುತ್ತಾನೆ.

ಸುಗನ್ಯಾ ಹೊದಿಕೆ ನೋಡಿ ಮಂಚದ ಮೇಲೆ ಬಿದ್ದು ಹೊರಳಾಡಿದಳು. ಕೋಣೆ ತುಂಬಿಹೋಯಿತು. ಅವಳ ಬಾಚಣಿಗೆ, ಅವಳ ಚಾರ್ಜರು, ಅವಳ ಕೊಬ್ಬರಿ ಎಣ್ಣೆಯ ವಾಸನೆ. ತೇನಿಯಲ್ಲಿ ಅವಳಿಗೆ ಏನು ಕಡಿಮೆ ಎಂದು ಕೇಳಿದೆ. ದಿನಾ ಬಸ್ಸು, ದಿನಾ ಕತ್ತಲಾಗುವ ಮೊದಲು ಮನೆ, ಭಾನುವಾರ ಪೆಟ್ಟಿಗೆ ಕಟ್ಟುವುದು. “ನಿನ್ನಂಗೆ ಇರ್ಬೇಕು ಅಕ್ಕಾ” ಅಂದಳು. ನಾನು ದ್ರಾಕ್ಷಿ ತೊಳೆಯಲು ಎದ್ದು ಹೋದೆ.

ಮಾರ್ಚ್ 22, ಶನಿವಾರ

ಏನಾಯಿತೆಂದು ಸಾವಧಾನವಾಗಿ ಬರೆಯಬೇಕು.

ಬೆಳಿಗ್ಗೆ ಗ್ರಂಥಾಲಯ, ಕ್ಯಾಂಟೀನು, ಆಟದ ಬಯಲು ಎಲ್ಲ ತೋರಿಸಿದೆ. ಆಟದ ಬಯಲಿಗೆ ನಾನೂ ಹೋಗಿದ್ದು ಎರಡನೆಯದೋ ಮೂರನೆಯದೋ ಸಲ. ಶಟಲ್ ಕೋರ್ಟು ಎಲ್ಲಿ ಎಂದು ಕೇಳಿದಾಗ ತಪ್ಪು ದಿಕ್ಕಿಗೆ ಕೈ ತೋರಿಸಿ, ಆಮೇಲೆ ರಿಪೇರಿ ನಡೆಯುತ್ತಿದೆ ಎಂದು ಹೇಳಿ ಬಚಾವಾದೆ. ಅವಳಿಗೆ ಎಲ್ಲವೂ ಚೆಂದ ಕಂಡಿತು. ಇಡೀ ಬೆಳಿಗ್ಗೆ ಅವಳ ಫೋನು ಗುಂಯ್ಗುಡುತ್ತಲೇ ಇತ್ತು. ಬಸ್ಸಿನ ಗೆಳತಿಯರಂತೆ. ಅವಳು ಹತ್ತುವ ಮೊದಲೇ ಯಾರೋ ದುಪಟ್ಟಾ ಹಾಸಿ ಸೀಟು ಹಿಡಿದಿರುತ್ತಾರಂತೆ. ಅವಳು ಓಡಿ ಬರುವುದು ಕಂಡರೆ ಡ್ರೈವರ್ ಅಣ್ಣ ಬೈಯುತ್ತಲೇ ಬಸ್ಸು ನಿಲ್ಲಿಸುತ್ತಾನಂತೆ. ಇದನ್ನೆಲ್ಲ ಬೇಸರದ ಸಂಗತಿ ಎಂಬಂತೆ ಹೇಳಿದಳು. ನನಗೆ ಹೊಟ್ಟೆ ಉರಿಯಿತು. ಕಡಲೆ ಇದ್ದವರಿಗೆ ಹಲ್ಲಿಲ್ಲ.

ಮಧ್ಯಾಹ್ನ ಮಣಿಮೇಗಲೈ ಮಾತಿಗೆ ತಪ್ಪಲಿಲ್ಲ, ಸರಿದು ಜಾಗ ಕೊಟ್ಟಳು. ದ್ರಾಕ್ಷಿ ತಿಂದು ಎಲ್ಲರೂ ಹೊಗಳಿದರು. ಆಮೇಲೆ ಮಣಿಮೇಗಲೈ ಪಕ್ಕದವಳಿಗೆ ನನ್ನನ್ನು ತೋರಿಸಿ, ಇದು ಪಾಂಡಿಮೀನಾ ಕೊಟ್ಟದ್ದು ಅಂದಳು. ನನ್ನ ಹೆಸರು ಪಾಂಡೀಶ್ವರಿ. ಒಂದೂವರೆ ವರ್ಷದಿಂದ ಒಂದೇ ತರಗತಿ. ಸುಗನ್ಯಾ ಕಿಸಕ್ಕೆಂದು ನಕ್ಕು, ಗೆಳತಿಯರು ಇಟ್ಟ ಹೆಸರಾ ಎಂದು ನಮ್ಮ ಮಾತಿನಲ್ಲಿ ಕೇಳಿದಳು. ಹೌದೆಂದೆ.

ರಾತ್ರಿ ಊಟಕ್ಕೆ ನಾವಿಬ್ಬರೇ. ಮೆಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಮೇಜಿನಲ್ಲಿ ಜನ. ಪೇಚ್ಚಿಯಕ್ಕ ಪಕ್ಕದ ಬೆಂಚು ಒರೆಸುತ್ತಿದ್ದಳು. ನಾನು ನಿರ್ಭಯವಾಗಿ ಮನೆಮಾತಿನಲ್ಲಿ ಶುರುಮಾಡಿದೆ. ಸಾಂಬಾರು ನೋಡು, ಬೇಳೆ ಹುಡುಕಲು ಬಾವಿಗೆ ಇಳಿಯಬೇಕು. ಇವತ್ತು ಎಲ್ಲರೂ ಬಿರಿಯಾನಿಗೆ ಹೋದರು, ನಿನಗೋಸ್ಕರ ನಾನು ಹೋಗಲಿಲ್ಲ, ಇಲ್ಲದಿದ್ದರೆ ಈ ಬೆಂಚಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೀಗೆ ಏನೇನೋ. ಸುಗನ್ಯಾ ಮಜ್ಜಿಗೆಗೆ ಎದ್ದವಳು ಪೇಚ್ಚಿಯಕ್ಕನನ್ನು ತಮಿಳಿನಲ್ಲಿ ಕೇಳಿದಳು, ನಮ್ಮಕ್ಕ ದಿನಾ ಗೆಳತಿಯರ ಜೊತೆಗೇ ಕೂರುತ್ತಾಳಾ ಎಂದು.

ಪೇಚ್ಚಿಯಕ್ಕ ಬಟ್ಟೆ ಹಿಂಡುತ್ತಾ ನನ್ನ ಕಡೆ ಒಮ್ಮೆ ನೋಡಿದಳು. ಉತ್ತರ ಬಂದದ್ದು ತಮಿಳಿನಲ್ಲಲ್ಲ.

“ನಿಮ್ಮಕ್ಕನ್ ಸುತ್ತ ಯಾವಾಗ್ಲೂ ಏಳೆಂಟ್ ಐಕ್ಳು ಇರ್ತಾವೆ ಕಣವ್ವಾ. ಆ ನಗು ಏನು, ಆ ಕೂಗು ಏನು. ನಾನೇ ಎಷ್ಟೋ ದಪಾ ಗದರಿವ್ನಿ.”

ಕೈಯಲ್ಲಿದ್ದ ಅನ್ನ ಕೈಯಲ್ಲೇ ಉಳಿಯಿತು. ಸುಗನ್ಯಾ ಕುಣಿದಾಡಿಬಿಟ್ಟಳು. ಇವರೂ ನಮ್ಮ ಮಾತೇ, ಅಕ್ಕಾ, ನೀನು ಹೇಳಲೇ ಇಲ್ಲವಲ್ಲ ಅಂದಳು. ಹೇಳಲು ನನಗೆಲ್ಲಿ ಗೊತ್ತಿತ್ತು? ಪೇಚ್ಚಿಯಕ್ಕ ದಿಂಡಿಗಲ್ ಕಡೆಯ ಬೇಸಾಯಗಾರರ ಮನೆಯವಳಂತೆ, ಅವರ ಮನೆಗಳಲ್ಲೂ ಇದೇ ಮಾತಂತೆ. ಒಂದೆರಡು ಪದ ಹೆಚ್ಚುಕಡಿಮೆ, ಅಷ್ಟೆ.

ಹಾಗಾದರೆ ಎಲ್ಲವನ್ನೂ ಕೇಳಿದ್ದಾಳೆ. ಒಂದೂವರೆ ವರ್ಷ, ಪ್ರತಿ ಭಾನುವಾರ, ನಲ್ಲಿಯ ಪಕ್ಕ. ಶಟಲ್, ಬಿರಿಯಾನಿ, ಮಣಿಮೇಗಲೈ, ಎಲ್ಲ. ಆಮೇಲೆ ಅದೇ ಭಾನುವಾರ ನನ್ನ ಒಂಟಿ ತಟ್ಟೆಗೆ ಅನ್ನ ಹಾಕಿದ್ದಾಳೆ. ನನ್ನ ಸುಳ್ಳು ಈ ಜಗತ್ತಿನಲ್ಲಿ ಒಬ್ಬಳಿಗೆ ಗೊತ್ತಿತ್ತು, ಅವಳು ಇವತ್ತು ನನ್ನ ಪರವಾಗಿ ಸುಳ್ಳು ಹೇಳಿದಳು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ನನಗಿಂತ ಚೆನ್ನಾಗಿ ಹೇಳಿದಳು.

ಸುಗನ್ಯಾ ಈಗ ಪೂರ್ತಿ ನಂಬಿದ್ದಾಳೆ. ಮಂಚದ ಮೇಲೆ ಮಲಗಿ ಬಸ್ಸಿನ ಗೆಳತಿಯರಿಗೆ ಸುದ್ದಿ ಕಳಿಸುತ್ತಿದ್ದಾಳೆ. ನನಗೆ ಬೇಕಾದದ್ದು ಇದೇ ಅಲ್ಲವೆ? ಹಾಗಾದರೆ ಸಂತೋಷ ಯಾಕೆ ಆಗುತ್ತಿಲ್ಲವೋ ಕಾಣೆ.

ಮಾರ್ಚ್ 23, ಭಾನುವಾರ

ಹೇಳಿಬಿಟ್ಟೆ. ಬುದ್ಧಿ ಕೆಟ್ಟು ಹೇಳಿದೆ. ಕೈಗೆ ಬಂದ ತುತ್ತನ್ನು ನಾನೇ ನೆಲಕ್ಕೆ ಹಾಕಿದೆ.

ಬೆಳಿಗ್ಗೆ ಗೇಟಿಗೆ ನಡೆಯುವಾಗ ಅವಳು ಮುಂದಿನ ವರ್ಷದ್ದು ಯೋಚಿಸುತ್ತಿದ್ದಳು, ಯಾವ ಗೋಡೆಗೆ ಏನು ಅಂಟಿಸುವುದು ಎಂದು. ಆಮೇಲೆ ತಾನೇ ಲೆಕ್ಕ ಹಾಕಿ, ನನ್ನ ಮೂರನೇ ವರ್ಷಕ್ಕೆ ನೀನು ಮುಗಿಸಿ ಹೋಗಿರುತ್ತೀಯಲ್ಲ ಅಕ್ಕಾ, ಪರವಾಗಿಲ್ಲ, ಅಷ್ಟರಲ್ಲಿ ನನಗೂ ನಿನ್ನ ಹಾಗೆ ಗೆಳತಿಯರು ಆಗಿರುತ್ತಾರೆ ಅಂದಳು. ನನ್ನ ಹಾಗೆ. ಆಗ ಮೆಸ್ಸು ಖಾಲಿಯಾದ ಮೇಲೆ ಪುಸ್ತಕ ಹಿಡಿದು ಒಬ್ಬಳೇ ಹೋಗುವ ಸುಗನ್ಯಾ ನನ್ನ ಕಣ್ಣಿಗೆ ಬಂದಳು. ಕಾಲು ಅಲ್ಲೇ ನಿಂತಿತು.

“ಸುಗನ್ಯಾ, ನಂಗೆ ಇಲ್ಲಿ ಯಾರೂ ಇಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಿದೆ. ಕಾಮಾಲೆ, ಕವುಚಿದ ತಟ್ಟೆಗಳು, ಪಾಂಡಿಮೀನಾ, ಪೇಚ್ಚಿಯಕ್ಕನ ಮಾತು. ಹಾಸ್ಟೆಲು ಕೆಟ್ಟದ್ದಲ್ಲ, ಆದರೆ ನಡುವೆ ಬಂದು ಸೇರಿದವಳಿಗೆ ಇಲ್ಲಿ ಮೇಜು ಇಲ್ಲ, ಎರಡನೇ ವರ್ಷಕ್ಕೆ ಬಂದರೆ ನನ್ನ ಗತಿಯೇ ನಿನಗೂ ಅಂದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಸಿಟ್ಟಾದಳು.

“ಒಂದ್ ವರ್ಸ್ದಿಂದ ಇದೇ ಆಸೇಲಿ ಇವ್ನಿ ಅಕ್ಕಾ. ಸರಿ ಅಂದಿದ್ರೆ ಬಂದ್ಬುಡ್ತಿದ್ದೆ. ನಿಂಗೂ ಜೊತೆ ಆಗ್ತಿತ್ತು. ಈಗ್ ಯಾಕ್ ಹೇಳ್ದೆ?”

ಯಾಕೆ ಹೇಳಿದೆನೆಂದು ನನಗೂ ಗೊತ್ತಿಲ್ಲ. ಗೇಟಿನ ಕಡೆ ನಡೆದೆ.

ಚಿಕ್ಕಪ್ಪ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಕೇಳಿದ್ದು ಮಗಳನ್ನಲ್ಲ, ನನ್ನನ್ನು. ಬೇಡ ಚಿಕ್ಕಪ್ಪಾ ಅಂದೆ. ಅವನ ಮುಖ ಸಣ್ಣದಾಯಿತು. ನಿನಗೆ ಇಷ್ಟು ಚೆನ್ನಾಗಿ ಒಗ್ಗಿದ್ದು ಅವಳಿಗೆ ಯಾಕೆ ಆಗುವುದಿಲ್ಲ ಎಂದು ಕೇಳಿದ. ಆ ಪ್ರಶ್ನೆ ನ್ಯಾಯವಾದದ್ದೇ. ಅಣ್ಣನ ಮಗಳಿಗೆ ಸಿಕ್ಕಿದ್ದು ತನ್ನ ಮಗಳಿಗೆ ಬೇಡವೆಂದು ಆ ಅಣ್ಣನ ಮಗಳೇ ಹೇಳಿದರೆ ಯಾವ ತಂದೆಗಾದರೂ ಏನನ್ನಿಸಬೇಕು? ನನಗೆ ಅಸೂಯೆ ಎಂದೇ ತಿಳಿದಿರುತ್ತಾನೆ. ಆಗ ಸುಗನ್ಯಾ, ನನ್ನ ಮುಖ ನೋಡದೆ, “ನಂಗೇ ಬ್ಯಾಡಪ್ಪಾ. ಇಲ್ಲಿ ಸಾಪಾಟು ಒಗ್ಗಾಕಿಲ್ಲ ನಂಗೆ” ಅಂದು ಬ್ಯಾಗು ಎತ್ತಿಕೊಂಡಳು.

ಬಸ್ಸು ಹೊರಟಾಗ ಕಿಟಕಿಯಿಂದ ಕೈ ಬೀಸಿದ್ದು ಚಿಕ್ಕಪ್ಪ ಒಬ್ಬನೇ.

ಮಾರ್ಚ್ 24

ಹೊದಿಕೆ ಮಡಿಚಿಲ್ಲ.

ಮಾರ್ಚ್ 28

ನಾಲ್ಕೈದು ದಿನದಿಂದ ಮೆಸ್ಸಿನ ಕಡೆ ಹೋಗಿರಲಿಲ್ಲ. ಬಿಸ್ಕತ್ತು, ಬಾಳೆಹಣ್ಣು. ಇವತ್ತು ತಲೆ ಸುತ್ತಿ ಬಂತು, ಹೋಗಲೇಬೇಕಾಯಿತು. ಪೇಚ್ಚಿಯಕ್ಕ ಅನ್ನ ಹಾಕಿ ಎದುರಿಗೆ ನಿಂತಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ, ತಮಿಳಿನಲ್ಲೇ. ಅವಳ ಮಕ್ಕಳಿಗೆ ನಮ್ಮ ಮಾತು ಕೇಳಿದರೆ ತಿಳಿಯುತ್ತದಂತೆ, ಆಡಲು ಬರುವುದಿಲ್ಲವಂತೆ. ಗಂಡ ಹೋದ ಮೇಲೆ ಅವಳ ಮುಂದೆ ಆ ಮಾತಾಡುವವರು ಯಾರೂ ಉಳಿದಿಲ್ಲವಂತೆ.

“ನಂಗ್ ತಿಳೀತೈತೆ ಅಂದಿದ್ರೆ ನೀ ಮಾತ್ ನಿಲ್ಲುಸ್ಬುಡ್ತಿದ್ದೆ” ಅಂದಳು. ಆಮೇಲೆ, ಸಾಂಬಾರಿನ ವಿಷಯವೂ ಕೇಳಿಸಿದೆ, ಒಬ್ಬಳೇ ನಾನು, ಬೇಳೆ ಕೊಡುವುದು ಕಂಟ್ರಾಕ್ಟರು ಅಂದಳು. ನಗಬೇಕಿತ್ತು. ಮೈಯೆಲ್ಲ ಬತ್ತಲಾದಂತೆ ನಾಚಿಕೆಯಾಗಿ ತಟ್ಟೆ ನೋಡುತ್ತಾ ಉಂಡೆ. ನನಗೆ ಅಂತ ಇದ್ದ ಒಂದೇ ಬಾಗಿಲು ಮೊದಲಿನಿಂದಲೂ ತೆರೆದೇ ಇತ್ತು.

ಕೋಣೆಗೆ ಬಂದ ಮೇಲೆ ನೋಡಿದರೆ, ಪುಸ್ತಕ ಇಲ್ಲೇ ಇದೆ. ತೆಗೆದುಕೊಂಡು ಹೋಗಲು ಮರೆತಿದ್ದೆ.

ಏಪ್ರಿಲ್ 6, ಭಾನುವಾರ

ಕಳೆದ ಭಾನುವಾರ ಫೋನು ಎತ್ತಲಿಲ್ಲ. ಇವತ್ತು ಎತ್ತದಿದ್ದರೆ ಅಪ್ಪ ಬಸ್ಸು ಹತ್ತಿ ಬಂದುಬಿಡುತ್ತಾನೆ. ಜಗಲಿಗೆ ಹೋದೆ. ಪೇಚ್ಚಿಯಕ್ಕ ನಲ್ಲಿಯ ಹತ್ತಿರ ಕೂತು ದೊಡ್ಡ ಹಂಡೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಬೆನ್ನು ಆ ಕಡೆಗೆ ತಿರುಗಿಸಿ ಕೂತಳು. ಬೆನ್ನಿಗೆ ಕಿವಿ ಇಲ್ಲವೆ?

ಅಲ್ಲಿ ಎಂದಿನಂತೆ ಸಂತೆ. ಚಿಕ್ಕಪ್ಪನ ದನಿ ಕೇಳಿಸಲಿಲ್ಲ. ಸುಗನ್ಯಾ ತೇನಿಯಲ್ಲೇ ಮುಂದುವರಿಯುವುದೆಂದು ತೀರ್ಮಾನವಾಯಿತೆಂದು ಅವ್ವ ಹೇಳಿದಳು. ಎಲ್ಲರಿಗೂ ನಿನ್ನಷ್ಟು ಗಟ್ಟಿತನ ಇರುತ್ತದೆಯೇ ಎಂದು ನನ್ನನ್ನು ಹೊಗಳಿದಳು ಬೇರೆ. ಮತ್ತೆ ಮಣಿಮೇಗಲೈ ಹೇಗಿದ್ದಾಳೆ ಎಂದು ಕೇಳಿದಳು.

ಚೆನ್ನಾಗಿದ್ದಾಳೆ ಅನ್ನಬೇಕು. ಒಂದೂವರೆ ವರ್ಷ ಅಂದಿದ್ದೇನೆ. ಇವತ್ತು ನಾಲಗೆ ಏಳಲಿಲ್ಲ. ಹಂಡೆಯ ಮೇಲೆ ತಿಕ್ಕುವ ಸದ್ದೂ ನಿಂತಿತು. ಅವ್ವ ಹಲೋ ಹಲೋ ಅಂದಳು. ಲೈನು ಕಟ್ಟಾಯಿತೇನೋ ಎಂದು ಯಾರೋ ಅಂದರು. ನಿಜ ಹೇಳಿಬಿಡುತ್ತೇನೆ ಅನ್ನಿಸಿತು. ಈಗ ಹೇಳಿದರೆ ಹೇಳಿದ ಹಾಗೆ, ಇಷ್ಟು ಜನರ ಮುಂದೆ, ಆದದ್ದಾಗಲಿ. ಅವ್ವಾ ಎಂದು ಕರೆದೂಬಿಟ್ಟೆ.

ಅಷ್ಟರಲ್ಲಿ ಆ ಕಡೆಯಿಂದ ಸುಗನ್ಯಾಳ ದನಿ, ಫೋನಿಗೆ ಬಲು ಹತ್ತಿರದಿಂದ:

“ಅಕ್ಕುನ್ನ ಅವ್ಳ ಜೊತೆಗಾರ್ತೀರು ಕೂಗ್ತಾವ್ರೆ ದೊಡ್ಡವ್ವಾ, ನಂಗೇ ಕೇಳುಸ್ತೈತೆ. ಇಡು, ಓಗ್ಲಿ ಪಾಪ.”

ಅಲ್ಲಿ ಎಲ್ಲರೂ ನಕ್ಕರು. ಅವ್ವನ ನಗುವೂ ಕೇಳಿಸಿತು, ಹೆಮ್ಮೆಯ ನಗು. ಹೋಗು ಹೋಗು, ಕಾಯಿಸಬೇಡ ಅಂದಳು. ಫೋನು ಇಟ್ಟರು.

ಇಲ್ಲಿ ಯಾರೂ ಕೂಗುತ್ತಿರಲಿಲ್ಲ. ಪೇಚ್ಚಿಯಕ್ಕ ಮತ್ತೆ ತಿಕ್ಕಲು ಶುರುಮಾಡಿದಳು. ಇನ್ನು ಮುಂದೆ ನಾನು ಸುಮ್ಮನಿದ್ದರೂ ಸಾಕು, ನನ್ನ ಸುಳ್ಳನ್ನು ಹೇಳಲು ಇಬ್ಬರಿದ್ದಾರೆ.

ಬಂದು ಆ ಮಂಚದ ಹೊದಿಕೆ ತೆಗೆದು ಮಡಿಚಿ ಪೆಟ್ಟಿಗೆಗೆ ಹಾಕಿದೆ. ಒಗೆದ ಬಟ್ಟೆ ಮತ್ತೆ ಮಂಚದ ಮೇಲಿದೆ.